ಎರಡು ಗಂಟೆಯ ಕರೆಂಟು

ಪೋರ್ಟ್ ಆಗಸ್ಟಾ. ಜುಲೈ ತಿಂಗಳ ಚಳಿ.
ಕಿಟಕಿಯ ಕಟ್ಟೆ ಒರೆಸುತ್ತಾಳೆ ಗ್ಲೆನಿಸ್,
ನನಗೆ ಕೋಣೆ ಬಾಡಿಗೆ ಕೊಟ್ಟವಳು.
ಬಟ್ಟೆ ತಿರುಗಿಸಿ ನೋಡುತ್ತಾಳೆ. ಬೆಳ್ಳಗೇ ಇದೆ.
ನಾಳೆ ಮತ್ತೆ ಒರೆಸುತ್ತಾಳೆ.

ಮೂವತ್ತೊಂದು ವರ್ಷ ಕಲ್ಲಿದ್ದಲ ಸ್ಥಾವರದ ಕ್ಯಾಂಟೀನಿನಲ್ಲಿ
ರಾತ್ರಿ ಪಾಳಿಯವರಿಗೆ ಮೊಟ್ಟೆ ಹುರಿದ ಕೈ.
ಚಿಮಣಿ ಕೆಡವಿದ ದಿನ ಓಣಿಯವರೆಲ್ಲ
ಮಡಚುವ ಕುರ್ಚಿ ತಂದು ಕೊಲ್ಲಿಯ ದಂಡೆಗೆ ಕೂತಿದ್ದರಂತೆ.
"ಮೊದಲು ಬಿತ್ತು, ಆಮೇಲೆ ಸದ್ದು ಬಂತು" ಅನ್ನುತ್ತಾಳೆ.
ಅದನ್ನು ಎರಡು ಸಲ ಹೇಳುತ್ತಾಳೆ.

ನನ್ನನ್ನು ಕಳಿಸಿದ್ದು ಆರು ವಾರಕ್ಕೆ,
ಬಿಸಿಲನ್ನು ಲೆಕ್ಕಕ್ಕೆ ಹಿಡಿಯುವುದು ಕಲಿಯಲು.
ಬೆಂಗಳೂರಿನಲ್ಲಿ ನನ್ನ ಕೆಲಸ ಇಷ್ಟೇ:
ಗೋಡೆಯಗಲದ ಪರದೆ, ಅದರಲ್ಲೊಂದು ಗೆರೆ.
ನಾಡು ಸ್ವಿಚ್ಚು ಒತ್ತಿದಂತೆ ಗೆರೆ ಏರುತ್ತದೆ,
ಏರಿದಷ್ಟನ್ನೂ ಎಲ್ಲಿಂದಲೋ ತಂದು ಸುರಿಯಬೇಕು,
ಆಗಿಂದಾಗಲೇ. ಕಣಜವಿಲ್ಲ.
ಕೈಗಡ ಕೇಳೋಣವೆಂದರೆ ನೆರೆಮನೆಯೂ ಒಮ್ಮೊಮ್ಮೆ ಕತ್ತಲೆ.

ಊಟದ ಮೇಜಿನಲ್ಲಿ ಗ್ಲೆನಿಸ್ ಕೇಳಿದಳು:
"ನೀವೂ ನಿಮ್ಮದನ್ನು ಮುಚ್ಚುತ್ತೀರಲ್ಲವೇ?"

ಹೇಗೆ ಹೇಳಲಿ.
ಕಾಲ ಬಳಿ ಹೀಟರು, ಹಿತ್ತಲಲ್ಲಿ ಡ್ರೈಯರು,
ಗ್ಯಾರೇಜಿನಲ್ಲಿ ಎರಡನೇ ಫ್ರಿಜ್ಜು, ಅದರೊಳಗೆ ಮಗ ಹಿಡಿದ ಮೀನು.
ಇವಿಷ್ಟರಲ್ಲಿ ನಮ್ಮ ಓಣಿ ಬಹಳ ದಿನ ಬಾಳೀತು.
ಇಲ್ಲಿಯ ಗೆರೆ ಉಂಡು ಕೈತೊಳೆದವರದು.
ನಮ್ಮದು ಈಗಷ್ಟೇ ಪಂಕ್ತಿಗೆ ಕೂತವರದು,
ಎಲೆಗೆ ನೀರು ಚಿಮುಕಿಸಿ
ಬಡಿಸುವವರ ಕೈಯನ್ನೇ ನೋಡುತ್ತಿದ್ದಾರೆ.
"ನೋಡೋಣ" ಅಂದೆ. ಉಪ್ಪು ಕೇಳಿದೆ.

ನಾನು ಹುಟ್ಟಿದ್ದು ರಾಯಚೂರಿನ ಕಡೆ,
ಸ್ಥಾವರದ ಹೊಗೆ ಕಾಣುವ ಹಳ್ಳಿ.
ಹಗ್ಗಕ್ಕೆ ಹಾಕಿದ ಬಿಳಿ ಅಂಗಿ ಸಂಜೆಗೆ ಕಂದು.
ಆಕಾಶದಲ್ಲಿ ಕೆಂಪು ದೀಪ ಹೊತ್ತ ಚಿಮಣಿ,
ಕೆಳಗೆ ನಾನು ಓದುತ್ತಿದ್ದ ಸೀಮೆಎಣ್ಣೆ ಚಿಮಣಿ.
ನಮ್ಮ ಕಡೆ ಎರಡಕ್ಕೂ ಅದೇ ಹೆಸರು.
ಈ ಮಾತನ್ನು ಗ್ಲೆನಿಸಳಿಗೆ ಹೇಳಲಾಗುವುದಿಲ್ಲ.

ಹೊಲಕ್ಕೆ ತ್ರೀ ಫೇಸು ಬರುತ್ತಿದ್ದುದು ರಾತ್ರಿ ಎರಡಕ್ಕೆ.
ಅವ್ವ ಒಂದು ಕೈಲಿ ಬ್ಯಾಟರಿ, ಒಂದು ಕೈಲಿ ಕೋಲು,
ನೆಲ ಕುಟ್ಟುತ್ತ ಹೋಗುವಳು, ಹುಳ ಸರಿಯಲೆಂದು.
(ರಾತ್ರಿ ಹಾವೆನ್ನಬಾರದು.)
ಇಡೀ ಜಗತ್ತು ಮಲಗಿದಾಗಲೇ ಯಾಕೆ?
ಕೆಲಸಕ್ಕೆ ಸೇರಿ, ಮೊದಲ ವಾರವೇ ಪರದೆಯಲ್ಲಿ ಕಂಡೆ:
ಎರಡು ಗಂಟೆಗೆ ಗೆರೆ ಜಾರುವ ತಗ್ಗು.
ಉರಿಯುವ ಒಲೆ ಆರಿಸಲಾಗದು, ಬೆಂದದ್ದನ್ನು ಯಾರಾದರೂ ಉಣ್ಣಬೇಕು.
ಆ ತಗ್ಗಿನಲ್ಲಿ ಅವ್ವ ಕೋಲು ಕುಟ್ಟುತ್ತಿದ್ದಳು.

ಈಗ ಹೊಲಕ್ಕೆ ಹಗಲಲ್ಲೇ ಕೊಡುತ್ತೇವೆ, ಬಿಸಿಲಿನದ್ದು.
ಆ ಕಡತದಲ್ಲಿ ಮೂರನೆಯ ಸಹಿ ನನ್ನದು.

ಇಲ್ಲಿ ಸಂಜೆ ಐದೂವರೆ.
ಕೊಲ್ಲಿಯಾಚೆ, ಬೋಳು ಗುಡ್ಡದ ಹಿಂದೆ ಇಳಿಯುತ್ತಾನೆ ಸೂರ್ಯ,
ಅಲ್ಲಿ ಒಂದೂವರೆ, ನೆತ್ತಿ ಬಿಟ್ಟು ಅಷ್ಟೇನೂ ಸರಿದಿರುವುದಿಲ್ಲ.
ಹಾಗೆಂದುಕೊಂಡು ನಿಂತಿದ್ದೆ. ಮಾರ್ಕಂಡಪ್ಪನ ಮೆಸೇಜು:
"ಮೇಡಂ, ಮೋಡ. ಹತ್ತು ನಿಮಿಷದಲ್ಲಿ ಆರುನೂರು ಮೆಗಾವಾಟ್ ಹೋಯ್ತು.
ಹಳೇ ಯೂನಿಟ್ಟನ್ನೇ ಏರಿಸಿದೆವು."
ಸರಿ ಎಂದು ಬರೆದೆ.
ಮತ್ತೆ ಅದೇ ಹೊಗೆ, ಅದೇ ಹಗ್ಗ, ಅದೇ ಅಂಗಿ.
ಸರಿ ಎಂದೇ ಬರೆದೆ. ಆಸ್ಪತ್ರೆಗಳಿವೆ.
ಬ್ಯಾಟರಿಯ ಟೆಂಡರು ಇನ್ನೂ ಮೇಜಿನ ಮೇಲಿದೆ.

ರಾತ್ರಿ ಅವ್ವನಿಗೆ ಫೋನು.
"ಈಗರ ಪೂರಾ ನಿದ್ದಿ ಆಗತದೇನವ್ವಾ?"
"ಎಲ್ಲೀದು. ಎರಡಕ್ಕ ಎಚ್ಚರ ಆಗೇ ಆಗತದ.
ಎದ್ದು ಕುಂದರತೀನಿ.
ಮೋಟರ್ ಸಪ್ಪಳ ಇಲ್ಲಲ್ಲ, ಅದನ್ನ ಕೇಳಕೋತ."

ಬೆಳಿಗ್ಗೆ ಗ್ಲೆನಿಸ್ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು.
ಇನ್ನೊಂದು ಬಟ್ಟೆ ಇದೆಯೇ ಎಂದು ಕೇಳಿದೆ.